ಯೂನಿವರ್ಸಿಟಿ ಕಟ್ಟಡ ಯಾರಿಗೆ ಏನು ಹೇಳ್ತದೆ?

(ಮುಧೋಳದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗಿನಿಂದ ಈ ಸಭೆಯಲ್ಲಿ ಸ್ಕಾಲರ್‌ಶಿಪ್ಪಿನ ಮಾತು ಆಯಿತು, ಮೆಸ್ಸಿನ ಊಟದ ಮಾತು ಆಯಿತು, ಸೀಟಿನ ಮಾತು ಆಯಿತು. ನನಗೆ ಕೊಟ್ಟ ವಿಷಯ ವಿಶ್ವವಿದ್ಯಾನಿಲಯದ ಕಟ್ಟಡಗಳು. ಕೆಲವರು ನಗಾಕತ್ತೀರಿ. ಕಟ್ಟಡದಾಗ ಮಾತಾಡೂದು ಏನೈತಿ, ಅದು ಎಂಜಿನಿಯರ್ ಕೆಲಸ ಅಂತ ನಿಮಗೆ ಅನ್ನಿಸಿರಬಹುದು. ಸ್ವಲ್ಪ ತಾಳ್ರಿ.

ನಮ್ಮ ಹುಡುಗರು ಡಿಗ್ರಿ ಮುಗಿಸಿ ಧಾರವಾಡಕ್ಕೋ ಬೆಳಗಾವಿಗೋ ಹೋಗುತ್ತಾರೆ. ಮೊದಲನೇ ದಿನ ದೊಡ್ಡ ಕಟ್ಟಡದ ಮುಂದೆ ನಿಲ್ಲುತ್ತಾರೆ. ಯಾರೂ ಬೈದಿಲ್ಲ, ಯಾರೂ ತಡೆದಿಲ್ಲ. ಆದರೂ ಕಾಲು ಹಿಂದಕ್ಕೆ ಎಳೆಯುತ್ತದೆ. ಯಾವ ಬಾಗಿಲಿಂದ ಒಳಗೆ ಹೋಗಬೇಕು, ಯಾರನ್ನು ಕೇಳಬೇಕು, ಆ ಕುರ್ಚಿಯ ಮೇಲೆ ಕೂಡಬಹುದೋ ನಿಂತೇ ಇರಬೇಕೋ ತಿಳಿಯುವುದಿಲ್ಲ. ಇದನ್ನು ಕೀಳರಿಮೆ ಅಂತ ತಿಳಿದವರು ಹೇಳುತ್ತಾರೆ. ಧೈರ್ಯ ತಂದುಕೋ ತಮ್ಮಾ ಅಂತ ಬುದ್ಧಿ ಹೇಳಿ ಕಳಿಸುತ್ತಾರೆ. ನಾನು ಹೇಳುವುದು ಬೇರೆ. ಆ ಅಂಜಿಕೆಯೊಳಗೆ ಒಂದು ತಿಳುವಳಿಕೆ ಐತಿ. ಕಟ್ಟಡವನ್ನು ಓದುವ ವಿದ್ಯೆ ನಮಗೆ ಅಕ್ಷರಕ್ಕಿಂತ ಮೊದಲು ಬಂದದ್ದು.

ಹೆಂಗ ಅಂತೀರಿ? ನಿಮ್ಮ ನಿಮ್ಮ ಊರು ನೆನಪಿಗೆ ತಂದುಕೊಳ್ಳಿ. ಊರ ನಡುವೆ ಗುಡಿ. ಎತ್ತರದ ಜಾಗದಲ್ಲಿ ವಾಡೆ. ಅಗಸಿ, ಚಾವಡಿ, ಗೌಡರ ಕಟ್ಟೆ. ಕೇರಿ ಊರ ಹೊರಗೆ. ಎಲ್ಲಿ ನಿಲ್ಲಬೇಕು, ಎಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯಬೇಕು, ಎಲ್ಲಿ ದನಿ ತಗ್ಗಿಸಬೇಕು ಅಂತ ಯಾರೂ ಬೋರ್ಡು ಬರೆಸಿರಲಿಲ್ಲ. ಹೊಸ್ತಿಲು ಹೇಳುತ್ತಿತ್ತು, ಕಟ್ಟೆ ಹೇಳುತ್ತಿತ್ತು. ನಮ್ಮ ಅಜ್ಜಂದಿರು ಅದನ್ನು ಚೆನ್ನಾಗಿ ಓದಿದ್ದರು, ಯಾಕಂದರೆ ಓದಲು ತಪ್ಪಿದರೆ ಪೆಟ್ಟು ಬೀಳುತ್ತಿತ್ತು.

ಈ ಮುಧೋಳ ಘೋರ್ಪಡೆ ಅರಸರ ಸಂಸ್ಥಾನ. ಆ ಕಡೆ ಜಮಖಂಡಿ ಪಟವರ್ಧನರ ಸಂಸ್ಥಾನ. ಪಟವರ್ಧನರು ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಕಟ್ಟಿಸಿದರು. ಗುಡ್ಡದ ಮೇಲೆ ಯಾಕೆ? ತಂಪು ಗಾಳಿಗೆ ಅನ್ನಬಹುದು. ಕೆಳಗಿನವರು ಕತ್ತೆತ್ತಿ ನೋಡಲಿ ಎಂಬುದೂ ಅದರಲ್ಲಿ ಸೇರಿದೆ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕೂಡಿಹೋದವು. ಅರಸೊತ್ತಿಗೆ ಹೋಯಿತು. ಎತ್ತರದ ಭಾಷೆ ಮಾತ್ರ ಉಳಿಯಿತು. ಅದು ಕಚೇರಿಗೆ ಬಂತು, ಕಾಲೇಜಿಗೆ ಬಂತು, ಯೂನಿವರ್ಸಿಟಿಗೂ ಬಂತು.

ಈಗ ಧಾರವಾಡಕ್ಕೆ ಹೋಗೋಣ. ನಮ್ಮ ಭಾಗದ ಮಕ್ಕಳಿಗೆ ಬಹಳ ವರ್ಷ ದೊಡ್ಡ ಓದು ಎಂದರೆ ಧಾರವಾಡವೇ ಆಗಿತ್ತು. ಅಲ್ಲಿಯ ಕರ್ನಾಟಕ ಕಾಲೇಜಿನ ಕಟ್ಟಡ ನೋಡಿದವರು ಕೈ ಎತ್ತಿ. ಆ ಕಟ್ಟಡ ಕಾಲೇಜಿಗಾಗಿ ಹುಟ್ಟಿದ್ದಲ್ಲ. ಅದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ. 1876ರಿಂದ 78ರವರೆಗೆ ಈ ಸೀಮೆಯನ್ನು ತಿಂದ ಮಹಾ ಬರದ ನಂತರ, ಬರದ ನಾಡಿಗೆ ಕಾಳು ಸಾಗಿಸಲು ರೈಲು ಬೇಕು ಎಂಬ ಲೆಕ್ಕದಲ್ಲಿ 1882ರಲ್ಲಿ ಆ ಕಂಪನಿ ಹುಟ್ಟಿತು. ಬಾಗಲಕೋಟೆಯ ಮೇಲೆ ಹಾದುಹೋಗುವ ಗದಗ-ಹೊಟಗಿ ಹಳಿ ಆ ಕಂಪನಿಯದೇ. ಹಳಿಗೆ ಮಣ್ಣು ಹೊತ್ತವರು, ಕಲ್ಲು ಒಡೆದವರು ಹೊಟ್ಟೆಗಿಲ್ಲದ ಜನ. ಅವರ ದುಡಿಮೆಯ ಲೆಕ್ಕ ಬರೆದದ್ದು ಧಾರವಾಡದ ಆ ದೊಡ್ಡ ಕಟ್ಟಡದಲ್ಲಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿತು, ಅಧಿಕಾರ ಮದ್ರಾಸಿಗೆ ಹೋಯಿತು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂತಾದವರು ಓಡಾಡಿ ತಂದ ಕಾಲೇಜು ಅದು. ರೈಲ್ವೆಯ ಕಟ್ಟಡ ವಿದ್ಯೆಯ ಕಟ್ಟಡವಾಯಿತು.

ಇದನ್ನು ಯಾಕೆ ಹೇಳುತ್ತಿದ್ದೇನೆ? ಕಟ್ಟಡದ ಅರ್ಥ ಕಲ್ಲಿನೊಳಗೆ ಶಾಶ್ವತವಾಗಿ ಕೂತಿರುವುದಿಲ್ಲ ಎಂಬುದಕ್ಕೆ. ಸಾಹೇಬರು ಸರಕಿನ ಲೆಕ್ಕ ಮಾಡಿದ ಕೋಣೆಯಲ್ಲಿ ಹುಡುಗರು ಇತಿಹಾಸ ಓದಿದರು. ಯಾರು ಒಳಗೆ ಬಂದರು, ಬಂದು ಏನು ಮಾಡಿದರು ಎಂಬುದರಿಂದ ಕಟ್ಟಡದ ಗುಣ ತಿರುಗುತ್ತದೆ. ಕಲ್ಲು ಅದೇ, ಕಮಾನು ಅದೇ, ಅರ್ಥ ಬೇರೆ.

ಕರ್ನಾಟಕ ವಿಶ್ವವಿದ್ಯಾನಿಲಯ 1949ರಲ್ಲಿ ಕಾಯಿದೆಯಾಗಿ ಹುಟ್ಟಿತು. ಆಮೇಲೆ ಧಾರವಾಡಕ್ಕೆ ಬಂತು. ಇನ್ನೂ ಕರ್ನಾಟಕ ಒಂದಾಗಿರಲಿಲ್ಲ, ಅದಾದದ್ದು 1956ರಲ್ಲಿ. ಮುಂಬಯಿ ಸರಕಾರದ ಒಂದು ಮೂಲೆಯಲ್ಲಿ ಬಿದ್ದಿದ್ದ ಕನ್ನಡದವರಿಗೆ, ಏನೇ ಓದಿದರೂ ಮುಂಬಯಿ ಯೂನಿವರ್ಸಿಟಿಯ ಸರ್ಟಿಫಿಕೇಟೇ ಗತಿಯಾಗಿದ್ದವರಿಗೆ, ತಮ್ಮದು ಅನ್ನುವ ಒಂದು ಮನೆ ಬೇಕಿತ್ತು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ. ಸಿ. ಪಾವಟೆಯವರ ಕಾಲದಲ್ಲಿ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಆ ಕ್ಯಾಂಪಸ್ಸು ಬೆಳೆದು ನಿಂತಿತು. ದೊಡ್ಡದಾಗಿ, ಎತ್ತರದಲ್ಲಿ, ದೂರದಿಂದ ಕಾಣುವಂತೆ ಕಟ್ಟಿದರು. ನಾವೂ ಇದ್ದೇವೆ ಅಂತ ಮುಂಬಯಿಗೆ, ಮೈಸೂರಿಗೆ ಹೇಳುವ ಕಟ್ಟಡ ಅದು. ಆ ಅಭಿಮಾನವನ್ನು ನಾನು ಹಗುರ ಮಾಡುವುದಿಲ್ಲ. ತುಳಿಸಿಕೊಂಡವರು ತಲೆ ಎತ್ತಿದಾಗ ಕಟ್ಟಡವೂ ತಲೆ ಎತ್ತುತ್ತದೆ.

ಆದರೆ ಒಂದು ಮಾತು ಕೇಳ್ರಿ. ಮುಂಬಯಿಗೆ ನಾವೂ ಇದ್ದೇವೆ ಅನ್ನುವ ಅದೇ ಕಟ್ಟಡ, ಕೇರಿಯಿಂದ ಬಂದ ಹುಡುಗನಿಗೆ ನೀನು ಯಾರು ಅಂತ ಕೇಳುತ್ತದೆ. ಎರಡೂ ಮಾತು ಖರೆ. ಒಂದೇ ಗೋಡೆ ಹೊರಗಿನವರಿಗೆ ಒಂದು ಹೇಳುತ್ತದೆ, ಒಳಗಿನ ಕೆಳಗಿನವರಿಗೆ ಇನ್ನೊಂದು ಹೇಳುತ್ತದೆ. ಕಟ್ಟಡಗಳ ವೈಭವ ಬರೆಯುವವರು ಮೊದಲನೆಯದನ್ನು ಬರೆಯುತ್ತಾರೆ. ಎರಡನೆಯದನ್ನು ಬರೆಯಬೇಕಾದವರು ನಾವು.

ಅದೇ ಧಾರವಾಡದಲ್ಲಿ, ಆ ಗುಡ್ಡದ ಮೇಲಿನ ಕಟ್ಟಡಕ್ಕಿಂತ ಇಪ್ಪತ್ತು ವರ್ಷ ಮೊದಲು ಇನ್ನೊಂದು ಮನೆ ಇತ್ತು. 1928ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಅಸ್ಪೃಶ್ಯ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಒಂದು ಸಂಸ್ಥೆ ಮಾಡಿದರು. ಮುಂಬಯಿ ಸರಕಾರದ ಸಹಾಯದಿಂದ ಅದು ಪನವೇಲ, ಠಾಣೆ, ನಾಸಿಕ, ಪುಣೆ ಮತ್ತು ಧಾರವಾಡದಲ್ಲಿ ಹಾಸ್ಟೆಲು ನಡೆಸಿತು. ನೋಡಿ, ಐದು ಊರಿನಲ್ಲಿ ಕನ್ನಡದ ಊರು ಒಂದೇ, ಅದು ಧಾರವಾಡ. ಬಲವಂತರಾವ್ ವರಾಳೆಯವರು ಆ ಹಾಸ್ಟೆಲು ನೋಡಿಕೊಂಡರು. ರಮಾಬಾಯಿ ಅಲ್ಲಿ ಬಂದು ಉಳಿದಿದ್ದಾಗ, ಮಕ್ಕಳಿಗೆ ಊಟಕ್ಕಿಲ್ಲ ಅಂತ ಗೊತ್ತಾಗಿ ತಮ್ಮ ಬಂಗಾರದ ಬಳೆ ಬಿಚ್ಚಿ ಕೊಟ್ಟರು ಅಂತ ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ.

ಆ ಹಾಸ್ಟೆಲಿನ ಚಿತ್ರ ಯಾವ ಕ್ಯಾಲೆಂಡರಿನ ಮೇಲೂ ಬರುವುದಿಲ್ಲ. ಈಗ ನಾನು ಕೇಳುತ್ತೇನೆ, ನಮ್ಮ ಪಾಲಿಗೆ ಯೂನಿವರ್ಸಿಟಿಯ ಮುಖ್ಯ ಕಟ್ಟಡ ಯಾವುದು? ರಾತ್ರಿ ಮಲಗಲು ಜಾಗವಿಲ್ಲದ ಹುಡುಗನಿಗೆ ಗುಡ್ಡದ ಮೇಲಿನ ಕಟ್ಟಡ ಬರೀ ಫೋಟೋ. ಹಾಸ್ಟೆಲು ಇದ್ದರೆ ಮಾತ್ರ ಅದು ಕಾಲೇಜು. ಕೊಲ್ಹಾಪುರದ ಶಾಹೂ ಮಹಾರಾಜರು ಇದನ್ನು ಬಹಳ ಮೊದಲೇ ತಿಳಿದಿದ್ದರು. ಜಾತಿಜಾತಿಯ ಮಕ್ಕಳಿಗೆ ಒಂದಾದ ಮೇಲೊಂದು ವಸತಿಗೃಹ ತೆರೆಸಿದರು. ಅಸ್ಪೃಶ್ಯ ಮಕ್ಕಳಿಗೆಂದು 1908ರಲ್ಲಿ ಮಿಸ್ ಕ್ಲಾರ್ಕ್ ಹಾಸ್ಟೆಲು ಬಂತು. ಮೀಸಲಾತಿ ಕೊಟ್ಟ ರಾಜ ಅಂತ ಶಾಹೂ ಅವರನ್ನು ನೆನೆಯುತ್ತೇವೆ. ಚಾಪೆ ಹಾಸಲು ಜಾಗ ಕೊಟ್ಟ ರಾಜ ಅಂತಲೂ ನೆನೆಯಬೇಕು. ಮೀಸಲಾತಿ ಬಾಗಿಲು ತೆರೆಯುತ್ತದೆ, ಆ ಬಾಗಿಲಿನ ತನಕ ನಡೆದು ಬರಲು ಹಾಸ್ಟೆಲು ಬೇಕು.

ಇನ್ನು ಕನ್ನಡ ನಾಡಿನ ಬೇರೆ ಕ್ಯಾಂಪಸ್ಸುಗಳನ್ನು ಬೇಗ ನೋಡಿಬಿಡೋಣ. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಶುರುವಾದದ್ದು. ಚೂಪು ಕಮಾನು, ಗಡಿಯಾರದ ಗೋಪುರ, ಎಲ್ಲ ವಿಲಾಯಿತಿಯ ಚರ್ಚಿನ ಧಾಟಿ. ವಿದ್ಯೆ ಹಡಗಿನಲ್ಲಿ ಬಂತು ಅಂತ ಆ ಕಟ್ಟಡ ಹೇಳುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1916ರದು, ಮಹಾರಾಜರು ಸ್ಥಾಪಿಸಿದ್ದು. ಅದರ ಹೊಸ ಕ್ಯಾಂಪಸ್ಸಿಗೆ ಕುಲಪತಿಯಾಗಿದ್ದ ಕುವೆಂಪು ಮಾನಸ ಗಂಗೋತ್ರಿ ಅಂತ ಚೆಂದದ ಹೆಸರಿಟ್ಟರು. ಶೂದ್ರ ಕವಿಯೊಬ್ಬ ಯೂನಿವರ್ಸಿಟಿಗೆ ಹೆಸರಿಡುವ ಜಾಗಕ್ಕೆ ಬಂದದ್ದು ದೊಡ್ಡ ಸಂಗತಿ. ಆದರೆ 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದ ಒಂದು ಮಾತಿಗೆ ಗಲಾಟೆ ಎದ್ದಾಗ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಹೆಸರು ಎಷ್ಟು ಚೆಂದ ಇದ್ದರೂ ಪೆಟ್ಟು ಬೀಳುವಾಗ ಅಡ್ಡ ಬರಲಿಲ್ಲ. ಇದನ್ನೂ ಬರೆದಿಟ್ಟುಕೊಳ್ಳಿ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಬಂತು. ಅಲ್ಲಿಯ ಕಟ್ಟಡಗಳು ಕಲ್ಲಿನವು, ವಿಜಯನಗರದ ನೆನಪು ತರುವಂಥವು. ಆವರಣದ ಹೆಸರು ವಿದ್ಯಾರಣ್ಯ. ಕನ್ನಡಕ್ಕೆ ತನ್ನದೇ ಮುಖ ಬೇಕು, ವಿಲಾಯಿತಿ ಕಮಾನು ಬೇಡ ಅನ್ನುವುದು ಒಳ್ಳೆಯ ವಿಚಾರ. ಆದರೆ ಕನ್ನಡದ ಮುಖ ಅಂದಕೂಡಲೆ ಸಾಮ್ರಾಜ್ಯವೇ ಯಾಕೆ ನೆನಪಾಗಬೇಕು? ರಾಜಗುರುವೇ ಯಾಕೆ? ಹಂಪಿಯಲ್ಲಿ ಅರಮನೆಯ ಅಡಿಪಾಯ ತೋರಿಸುತ್ತಾರೆ, ಆನೆಯ ಲಾಯ ತೋರಿಸುತ್ತಾರೆ. ಶಿಲ್ಪಿಯ ಹೆಸರು ನಮ್ಮ ನಾಡಿನ ಗುಡಿಗಳಲ್ಲಿ ಅಲ್ಲಲ್ಲಿ ಸಿಕ್ಕೀತು. ಬಂಡೆಗೆ ಉಳಿ ಹೊಡೆದು ಸೀಳಿದ ವಡ್ಡನ ಹೆಸರು, ಬುಟ್ಟಿ ಹೊತ್ತವಳ ಹೆಸರು ಸಿಗುವುದಿಲ್ಲ. ಕಲ್ಲಿನ ಕಟ್ಟಡ ಕಟ್ಟುವುದಾದರೆ ಕಲ್ಲು ಒಡೆದವರ ಗುರುತು ಅದರ ಮೇಲೆ ಇರಬೇಕು ಅಂತ ಕೇಳುವುದು ಹೆಚ್ಚಿನ ಮಾತೇನಲ್ಲ.

ಹಂಗಾದರೆ ನಮ್ಮವರು ಕಟ್ಟಿದಾಗ ಹೇಗೆ ಕಟ್ಟಿದರು? ಇದು ಮುಖ್ಯ ಪ್ರಶ್ನೆ. ಬಾಬಾಸಾಹೇಬರು 1913ರಿಂದ 16ರವರೆಗೆ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಓದಿದರು. ಆ ಕ್ಯಾಂಪಸ್ಸಿನ ನಟ್ಟನಡುವೆ, ಅಗಲವಾದ ಮೆಟ್ಟಿಲುಗಳ ಮೇಲೆ, ಗುಮ್ಮಟದ ಕೆಳಗೆ ಇದ್ದದ್ದು ದೇವರ ಗುಡಿಯಲ್ಲ, ಅಧಿಕಾರಿಯ ಬಂಗಲೆಯಲ್ಲ, ಲೈಬ್ರರಿ. ಸಾತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂತು, ಸಿಪಾಯಿ ನಳ ತಿರುಗಿಸಿದರೆ ಮಾತ್ರ ನೀರು ಕುಡಿದ ಹುಡುಗ ಆ ಮೆಟ್ಟಿಲು ಹತ್ತಿದ. ಮುಂದೆ ಮುಂಬಯಿಯ ದಾದರಿನಲ್ಲಿ ರಾಜಗೃಹ ಅಂತ ಮನೆ ಕಟ್ಟಿಸಿದಾಗ ಮೇಲಿನ ಮಾಳಿಗೆಯನ್ನು ಪುಸ್ತಕಗಳಿಗೆ ಕೊಟ್ಟರು.

1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಮಾಡಿದರು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಸ್ವಂತ ಕಟ್ಟಡ ಇರಲಿಲ್ಲ, ಯುದ್ಧಕಾಲದ ಮಿಲಿಟರಿ ಬ್ಯಾರಕ್ಕಿನಲ್ಲಿ ಪಾಠ ನಡೆಯಿತು. ಕಟ್ಟಡ ಆಗಲಿ ಆಮೇಲೆ ನೋಡೋಣ ಅಂತ ಅವರು ಕೂಡಲಿಲ್ಲ. ಆಮೇಲೆ ಸಿಕ್ಕ ಕಟ್ಟಡಗಳಿಗೆ ಬುದ್ಧ ಭವನ, ಆನಂದ ಭವನ ಅಂತ ಹೆಸರಾಯಿತು.

1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು. ನಿಜಾಮನ ಸೀಮೆಯಾಗಿದ್ದ ಮರಾಠವಾಡಾದ ಬಡ ಮಕ್ಕಳಿಗೆ ಅದು. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಕೈಯಿಂದ ಅಡಿಗಲ್ಲು ಹಾಕಿಸಿದರು. ಆ ಕಾಲೇಜಿನ ಹೆಸರು ಮಿಲಿಂದ, ಆವರಣದ ಹೆಸರು ನಾಗಸೇನವನ. ಈ ಹೆಸರುಗಳ ಅರ್ಥ ಏನು? ಮಿಲಿಂದ ಒಬ್ಬ ಗ್ರೀಕ್ ದೊರೆ, ನಾಗಸೇನ ಒಬ್ಬ ಭಿಕ್ಷು. ದೊರೆ ಪ್ರಶ್ನೆ ಕೇಳುತ್ತಾನೆ, ಭಿಕ್ಷು ಉತ್ತರ ಹೇಳುತ್ತಾನೆ. ದೊರೆ ಬಿಡುವುದಿಲ್ಲ, ಮತ್ತೆ ಕೇಳುತ್ತಾನೆ. ಪ್ರಶ್ನೆ ಕೇಳಿದ್ದಕ್ಕೆ ಯಾರೂ ಯಾರ ತಲೆ ತೆಗೆಯುವುದಿಲ್ಲ. ದಾನ ಕೊಟ್ಟ ಸಾವುಕಾರನ ಹೆಸರಿಲ್ಲ, ಆಳಿದ ರಾಜವಂಶದ ಹೆಸರಿಲ್ಲ. ಕಾಲೇಜಿನ ಹಣೆಯ ಮೇಲೆ ಒಂದು ಸಂವಾದವನ್ನು ಬರೆದರು. ಪ್ರಶ್ನೆ ಕೇಳು ಅಂತ ಬಾಗಿಲಲ್ಲೇ ಹೇಳುವ ಕಾಲೇಜು ಅದು. ಕಟ್ಟಡಕ್ಕೆ ಸಂಕೇತ ಬೇಕು ಅಂದರೆ ಇಂಥದ್ದು ಬೇಕು.

ಅದೇ ಔರಂಗಾಬಾದಿನಲ್ಲಿ ಒಂದು ಗೇಟಿನ ಕತೆ ಇದೆ. 1978ರ ಜುಲೈನಲ್ಲಿ ಮರಾಠವಾಡಾ ವಿಶ್ವವಿದ್ಯಾನಿಲಯಕ್ಕೆ ಬಾಬಾಸಾಹೇಬರ ಹೆಸರಿಡಬೇಕೆಂದು ಮಹಾರಾಷ್ಟ್ರದ ಶಾಸನಸಭೆ ಠರಾವು ಮಾಡಿತು. ಒಂದು ಹೆಸರಿಗಾಗಿ ಹಳ್ಳಿಹಳ್ಳಿಯಲ್ಲಿ ದಲಿತರ ಗುಡಿಸಲು ಸುಟ್ಟರು, ಪೋಚಿರಾಮ ಕಾಂಬಳೆಯಂಥವರನ್ನು ಕೊಂದರು. ಹದಿನಾರು ವರ್ಷ ಹೋರಾಟ ನಡೆಯಿತು. 1994ರ ಜನವರಿ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾನಿಲಯ ಅಂತ ಹೆಸರಾಯಿತು. ಇವತ್ತಿಗೂ ಪ್ರತಿ ವರ್ಷ ಆ ದಿನ ಸಾವಿರಾರು ಜನ ಆ ಗೇಟಿಗೆ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಆ ಯೂನಿವರ್ಸಿಟಿಯಲ್ಲಿ ಒಂದು ದಿನ ಓದಿದವರಲ್ಲ. ಅಕ್ಷರ ಬಾರದ ತಾಯಂದಿರು ಬಂದು ಗೇಟಿನ ಕಂಬ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಯೂನಿವರ್ಸಿಟಿಯ ಗೇಟು ಬೇರೆಯವರಿಗೆ ಬರೀ ಗೇಟು. ಅವರಿಗೆ ಅದು ರಕ್ತ ಕೊಟ್ಟು ತೆಗೆದ ಬಾಗಿಲು.

ಇನ್ನೊಂದು ಉದಾಹರಣೆ ಹತ್ತಿರದ್ದು, ಹೈದರಾಬಾದಿನದು. ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳ ಮೇಲೆ ಆದ ಶಿಕ್ಷೆ ನೆನಪಿದೆಯೇ? ಹಾಸ್ಟೆಲಿನಿಂದ ಹೊರಗೆ. ಆಡಳಿತ ಕಟ್ಟಡಕ್ಕೆ, ಸಾರ್ವಜನಿಕ ಜಾಗಗಳಿಗೆ ಗುಂಪಾಗಿ ಹೋಗುವಂತಿಲ್ಲ. ಕ್ಲಾಸಿಗೆ ಹೋಗಬಹುದಂತೆ! ಓದು, ಆದರೆ ಇಲ್ಲಿ ಇರಬೇಡ ಅಂದ ಹಾಗೆ. ಹಳ್ಳಿಯ ನಿಯಮ ಬೇರೆ ಏನಿತ್ತು? ದುಡಿ, ಆದರೆ ಊರೊಳಗೆ ಇರಬೇಡ ಅಂತಲೇ ಅಲ್ಲವೆ? ಆ ಹುಡುಗರು 2016ರ ಜನವರಿಯಲ್ಲಿ ಕ್ಯಾಂಪಸ್ಸಿನ ಅಂಗಡಿ ಸಾಲಿನ ಹತ್ತಿರ ಬಯಲಲ್ಲಿ ಬ್ಯಾನರುಗಳನ್ನೇ ಗೋಡೆ ಮಾಡಿ ಮಲಗಿದರು. ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ವೆಲಿವಾಡ ಅಂದರೆ ತೆಲುಗಿನಲ್ಲಿ ಊರ ಹೊರಗಿನ ಕೇರಿ. ಜನವರಿ 17ರಂದು ರೋಹಿತ್ ವೇಮುಲ ತೀರಿಹೋದರು. ಕಲ್ಲಿಲ್ಲ, ಇಟ್ಟಿಗೆಯಿಲ್ಲ, ಬಟ್ಟೆಯ ಆ ಗೂಡು ಆ ಯೂನಿವರ್ಸಿಟಿಯ ಎಲ್ಲ ಕಟ್ಟಡಗಳ ಗುಣವನ್ನು ದೇಶಕ್ಕೆ ಓದಿ ಹೇಳಿತು.

ಗೆಳೆಯರೆ, ಈಗ ನಮ್ಮ ಮನೆಬಾಗಿಲಿನ ಮಾತು. ಧಾರವಾಡದಿಂದ 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆಯಾಯಿತು. ಅದರಿಂದ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬೇರೆಯಾಯಿತು, ಅದನ್ನು ಜಮಖಂಡಿಯಲ್ಲಿ ಇಟ್ಟರು. ಮುಧೋಳದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರಬಹುದು. ಹೆಣ್ಣುಮಕ್ಕಳನ್ನು ಧಾರವಾಡಕ್ಕೆ ಕಳಿಸಲಾರದ ತಂದೆತಾಯಿಗೆ ಇದು ಸಣ್ಣ ಮಾತಲ್ಲ. ಆದರೆ ಈ ಹೊಸ ವಿಶ್ವವಿದ್ಯಾಲಯಗಳಿಗೆ ಹಣವಿಲ್ಲ, ಜಾಗವಿಲ್ಲ, ಕಟ್ಟಡವಿಲ್ಲ ಅಂತ ಹೇಳಿ 2025ರಲ್ಲಿ ಸರಕಾರದಲ್ಲಿ ಮುಚ್ಚುವ, ಕೂಡಿಸುವ ಮಾತು ಎದ್ದಿತು. ಕಟ್ಟಡವಿಲ್ಲ ಎಂಬುದು ಮುಚ್ಚಲು ಕಾರಣವಾಗುತ್ತದೆಯೆ? ಹಂಗಿದ್ದರೆ ಬ್ಯಾರಕ್ಕಿನಲ್ಲಿ ಶುರುವಾದ ಸಿದ್ಧಾರ್ಥ ಕಾಲೇಜನ್ನು ಮೊದಲನೇ ದಿನವೇ ಮುಚ್ಚಬೇಕಾಗಿತ್ತು. ಬಡವರ ಮಕ್ಕಳಿಗೆ ಹತ್ತಿರವಾದ ಬಾಗಿಲು ತೆರೆದೇ ಇರಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಮುಂದೆ ಅಲ್ಲಿಯಾಗಲಿ ಬೇರೆಲ್ಲಿಯಾಗಲಿ ಹೊಸ ಕಟ್ಟಡ ಏಳುವಾಗ ನಾವು ಸುಮ್ಮನೆ ಕೂಡಬಾರದು. ದೊಡ್ಡ ಕಮಾನು ಕಟ್ಟಿಸುತ್ತೇವೆ, ಪ್ರತಿಮೆ ನಿಲ್ಲಿಸುತ್ತೇವೆ ಅನ್ನುತ್ತಾರೆ. ಪ್ರತಿಮೆ ಬ್ಯಾಡ ಅನ್ನುವುದಿಲ್ಲ. ಹೆಸರು ಬೇಕು, ಪ್ರತಿಮೆಯೂ ಬೇಕು, ಅವಕ್ಕಾಗಿ ಜನ ಸತ್ತಿದ್ದಾರೆ. ಆದರೆ ಬಾಬಾಸಾಹೇಬರ ಪ್ರತಿಮೆ ಗೇಟಿನಲ್ಲಿ, ಬಾಬಾಸಾಹೇಬರ ಮಕ್ಕಳು ಊರ ಹೊರಗೆ ಸೋರುವ ಹಾಸ್ಟೆಲಿನಲ್ಲಿ ಅಂದರೆ ಆ ಪ್ರತಿಮೆಯೇ ನಮ್ಮನ್ನು ಕೇಳುತ್ತದೆ. ಮೊದಲು ಲೈಬ್ರರಿ ಕಟ್ಟಿ, ಅದು ರಾತ್ರಿ ತೆರೆದಿರಲಿ. ಹಾಸ್ಟೆಲು ಲೈಬ್ರರಿಯಿಂದ ನಡೆದು ಬರುವಷ್ಟು ಹತ್ತಿರ ಇರಲಿ. ಹೆಣ್ಣುಮಕ್ಕಳಿಗೆ ನೀರಿರುವ ಪಾಯಖಾನೆ ಇರಲಿ, ಅದನ್ನು ತೊಳೆಯುವ ಕೆಲಸಕ್ಕೆ ನಮ್ಮ ಕೇರಿಯ ತಾಯಂದಿರೇ ಯಾಕೆ ಗೊತ್ತಾಗುತ್ತಾರೆ ಎಂಬ ಪ್ರಶ್ನೆಯೂ ಇರಲಿ. ನಡೆಯಲಾರದವರು ಏರಲು ಇಳಿಜಾರು ಇರಲಿ. ಆಡಳಿತ ಕಟ್ಟಡ ಎಲ್ಲಕ್ಕಿಂತ ಎತ್ತರ ಇರುವುದು ಬೇಡ. ಕಾರ್ಕೂನನ ಕಿಟಕಿ ಬಗ್ಗಿ ಮಾತಾಡುವಷ್ಟು ಕೆಳಗೆ ಇರುವುದೂ ಬೇಡ, ನೆಟ್ಟಗೆ ನಿಂತು ಅರ್ಜಿ ಕೊಡುವಂತಿರಲಿ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ನಿಮ್ಮ ಕಾಲೇಜಿನ ನಕ್ಷೆ ಬರೆಯಿರಿ. ಪ್ರಿನ್ಸಿಪಾಲರ ಕೋಣೆ ಎಲ್ಲಿ, ಲೈಬ್ರರಿ ಎಲ್ಲಿ, ನಳ ಎಲ್ಲಿ, ಹಾಸ್ಟೆಲು ಎಷ್ಟು ದೂರ, ಗೋಡೆಯ ಮೇಲೆ ಯಾರ ಯಾರ ಫೋಟೋ ಇವೆ, ಯಾವ ಬಾಗಿಲು ಯಾರಿಗೆ ತೆರೆಯುತ್ತದೆ, ಕಸ ಗುಡಿಸುವವರು ಊಟಕ್ಕೆ ಎಲ್ಲಿ ಕೂಡುತ್ತಾರೆ, ಎಲ್ಲ ಗುರುತು ಹಾಕಿರಿ. ಆ ನಕ್ಷೆಯನ್ನು ಹಾಸ್ಟೆಲಿನ ನೋಟೀಸು ಬೋರ್ಡಿಗೆ ಅಂಟಿಸಿ, ಸುತ್ತ ಕೂತು ಮಾತಾಡಿರಿ. ಅದರೊಳಗೆ ನಿಮ್ಮ ಊರಿನ ನಕ್ಷೆ ಎಷ್ಟು ಅಡಗಿ ಕೂತಿದೆ ಅಂತ ಕಾಣುತ್ತದೆ. ಕಂಡದ್ದನ್ನು ಬದಲು ಮಾಡಲು ಅರ್ಜಿ ಬರೆಯಿರಿ, ಒಬ್ಬೊಬ್ಬರಾಗಿ ಅಲ್ಲ, ಕೂಡಿ.

ಕಡೆಯ ಮಾತು. ಈ ಮುಧೋಳ ರನ್ನನ ಊರು. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಓದುವ ಆಸೆ ಹೊತ್ತು ಇಲ್ಲಿಂದ ಬಹು ದೂರದ ಶ್ರವಣಬೆಳಗೊಳದ ತನಕ ಹೋದ. ಬಳೆ ಮಾರುವವರ ಮಗನಿಗೆ ಅಷ್ಟು ದೂರ ಹೋಗಬೇಕಾಯಿತು. ಅವನ ಕಾಲದಲ್ಲಿ ಬಳೆಯ ಮಲಾರ ಹೊತ್ತವರಾದರೂ ಊರೊಳಗೆ ಮನೆಮನೆಗೆ ಹೋಗಬಹುದಿತ್ತು. ನಮ್ಮವರಿಗೆ ಅದೂ ಇರಲಿಲ್ಲ. ಸಾವಿರ ವರ್ಷವಾದ ಮೇಲೆ ಈಗ ಬಾಗಿಲು ತೆರೆದಿದೆ. ಆ ಬಾಗಿಲು ನಮ್ಮನ್ನು ಎಣಿಸಿ ಕಟ್ಟಿದ್ದಲ್ಲ, ಇರಲಿ. ರೈಲಿನ ಕಚೇರಿ ಕಾಲೇಜಾದ ಹಾಗೆ, ಗೇಟು ನಮ್ಮದಾದ ಹಾಗೆ, ನಾವು ಒಳಗೆ ಹೋಗಿ ಕೂತು ಓದುವುದರಿಂದಲೇ ಅದರ ಅರ್ಥ ತಿರುಗುತ್ತದೆ.

ಅದಕ್ಕೆ ಹೇಳುತ್ತೇನೆ, ಮೆಟ್ಟಿಲು ಎಷ್ಟಿವೆ ಅಂತ ಎಣಿಸುತ್ತಾ ಕೆಳಗೆ ನಿಲ್ಲಬ್ಯಾಡ್ರಿ. ಹತ್ತ್ರಿ. ಹತ್ತಿದ ಮೇಲೆ ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲ್ರಿ.

ಜೈ ಭೀಮ್.